ಅಲ್ಯೂಮಿನಿಯಂ ಮತ್ತು ತಾಮ್ರದ ಫ್ರಿಕ್ಷನ್ ಸ್ಟರ್ ವೆಲ್ಡಿಂಗ್‌ಗೆ ಯಾವ ಆಕಾರದ ಪಿನ್ ಒಳ್ಳೆಯದು?

ಈ ಪ್ರಶ್ನೆಯ ಬೆನ್ನು ಹತ್ತಿ ನಾನು ಏಳು ತಿಂಗಳು ಕಳೆದಿದ್ದೇನೆ. ಫ್ರಿಕ್ಷನ್ ಸ್ಟರ್ ಅಂದರೆ ತಿರುಗುವ ಟೂಲ್‌ನ ತಿಕ್ಕಾಟದ ಬಿಸಿಯಿಂದ ಲೋಹವನ್ನು ಕರಗಿಸದೆ ಮೆತ್ತಗಾಗಿಸಿ, ಟೂಲ್‌ನ ತುದಿಯ ಪಿನ್ನಿನಿಂದ ಕಲಸಿ ಬೆಸೆಯುವುದು. ಚೌಕ, ತ್ರಿಕೋನ, ಥ್ರೆಡ್ ಇರುವುದು, ತುದಿಗೆ ಸಪೂರವಾಗುವ ಸಾದಾ ಟೇಪರ್ ಹೀಗೆ ಎಲ್ಲ ಬಗೆಯ ಪಿನ್‌ಗಳನ್ನೂ ಎಚ್13 ಎಂಬ ಟೂಲ್ ಉಕ್ಕಿನಲ್ಲಿ ಮಾಡಿಸಿ ಓಡಿಸಿದೆ. ಮೇಲ್ಮೈ ಪ್ರತಿ ಸಲವೂ ಬಳೆ ಜೋಡಿಸಿಟ್ಟಂತೆ ಅಂದವಾಗಿ ಬರುತ್ತಿತ್ತು. ವೈಸ್‌ಗೆ ಕಚ್ಚಿಸಿ ಬಗ್ಗಿಸಿದರೆ ಒಣಕಡ್ಡಿಯಂತೆ ಲಟಕ್ಕನೆ ಮುರಿಯುತ್ತಿತ್ತು.

ನಾನು ಪಿನ್ ನಿಲ್ಲಿಸಿದ ಜಾಗವೇ ತಪ್ಪಾಗಿತ್ತು. ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ ಬೆಸೆದು ರೂಢಿಯಾಗಿದ್ದರಿಂದ ಪಿನ್ನಿನ ನಡುವನ್ನು ಕರಾರುವಾಕ್ಕಾಗಿ ಕೂಡುಗೆರೆಯ ಮೇಲೇ ಇಡುತ್ತಿದ್ದೆ. 6 ಮಿ.ಮೀ. ಪಿನ್ನಿನಲ್ಲಿ 3 ಮಿ.ಮೀ. ತಾಮ್ರದೊಳಗೆ! ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತಾಮ್ರ 1085ರಲ್ಲಿ. ಒಂದು ಜೇಡಿಮಣ್ಣಿನಂತೆ ಮೆತ್ತಗಾಗುವ ಬಿಸಿಗೆ ಇನ್ನೊಂದು ಗಟ್ಟಿಯಾಗಿಯೇ ಇರುತ್ತದೆ. ಪಿನ್ ತಾಮ್ರವನ್ನು ಕಲಸುತ್ತಿರಲಿಲ್ಲ, ಚೂರು ಚೂರಾಗಿ ಕಿತ್ತು ಅಲ್ಯೂಮಿನಿಯಂ ಒಳಗೆ ತಳ್ಳುತ್ತಿತ್ತು. ಕೊನೆಗೆ ಬೆಸುಗೆಯನ್ನು ಅಡ್ಡಕ್ಕೆ ಕೊಯ್ದು, ಪಾಲಿಷ್ ಮಾಡಿ ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡಿದೆ. ಕೆಂಪು ಚೂರುಗಳು, ಒಂದೊಂದರ ಸುತ್ತಲೂ ಬೂದು ಅಂಚು, ಆ ಅಂಚಿನಗುಂಟ ಹರಿದ ಬಿರುಕು. ಬೂದು ಅಂಚೇ ಇಂಟರ್‌ಮೆಟಾಲಿಕ್ ಪದರ. ಎರಡು ಲೋಹ ಸೇರಿ ಹುಟ್ಟುವ, ಬಾಗಲು ಒಪ್ಪದ ಪೆಡಸು ವಸ್ತು ಅದು. ಇದನ್ನು ಮೊದಲ ವಾರವೇ ಕೊಯ್ದು ನೋಡಬೇಕಿತ್ತು.

ಮರುದಿನ ಪಿನ್ನನ್ನು 2 ಮಿ.ಮೀ. ಅಲ್ಯೂಮಿನಿಯಂ ಕಡೆಗೆ ಸರಿಸಿದೆ. ತಾಮ್ರಕ್ಕೆ ಹೊಕ್ಕಿದ್ದು 1 ಮಿ.ಮೀ. ಮಾತ್ರ. ಅದೇ ಟೇಪರ್ ಪಿನ್, ಅದೇ ವೇಗ. ಈ ಸಲ ವೈಸ್‌ನಲ್ಲಿ ಅಲ್ಯೂಮಿನಿಯಂ ಬಾಗಿತು, ಬೆಸುಗೆ ಬಿಡಲಿಲ್ಲ.

ಆದ್ದರಿಂದ ಪಿನ್ನಿನ ಆಕಾರದ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ. ಸಾದಾ ಟೇಪರ್ ಸಾಕು. ತಾಮ್ರವನ್ನು ಅಡ್ವಾನ್ಸಿಂಗ್ ಬದಿಯಲ್ಲಿ, ಅಂದರೆ ಟೂಲ್ ತಿರುಗುವ ದಿಕ್ಕೂ ಸಾಗುವ ದಿಕ್ಕೂ ಒಂದೇ ಆಗಿರುವ ಕಡೆ ಇಡಿ. ಪಿನ್ನಿನ ವ್ಯಾಸ ಬದಲಿಸಿದಾಗಲೆಲ್ಲ ಎಷ್ಟು ಸರಿಸಬೇಕೆಂಬುದನ್ನು ಮತ್ತೆ ಲೆಕ್ಕ ಹಾಕಿ. ಶೋಲ್ಡರ್‌ನ, ಅಂದರೆ ಪಿನ್ನಿನ ಮೇಲಿದ್ದು ಹಾಳೆಯ ಮೇಲ್ಮೈಯನ್ನು ಉಜ್ಜುವ ಅಗಲ ಭಾಗದ, ವ್ಯಾಸ ಪಿನ್ನಿನ ಸುಮಾರು ಮೂರು ಪಟ್ಟು ಇರಲಿ. ಬಿಸಿಯ ಬಹುಪಾಲು ಹುಟ್ಟುವುದೇ ಅಲ್ಲಿ, ಅದನ್ನು ಹಿಗ್ಗಿಸಿದರೆ ಆ ಬೂದು ಪದರ ದಪ್ಪಗಾಗುತ್ತದೆ. ಒಳಬಾಗಿದ ಶೋಲ್ಡರ್ ಆದರೆ ಟೂಲ್ ಅನ್ನು 2ರಿಂದ 3 ಡಿಗ್ರಿ ಹಿಂದಕ್ಕೆ ವಾಲಿಸಿ. ಥ್ರೆಡ್ ಬೇಕೇ ಬೇಕೆಂದರೆ, ಮೇಲಿನಿಂದ ನೋಡಿದಾಗ ಬಲಕ್ಕೆ ತಿರುಗುವ ಟೂಲ್‌ಗೆ ಎಡ ಥ್ರೆಡ್ ಹಾಕಿಸಿ. ಆಗ ಲೋಹ ಕೆಳಕ್ಕೆ ಇಳಿಯುತ್ತದೆ.

ನಿಮ್ಮ ಹಾಳೆಯ ದಪ್ಪವನ್ನೂ ಪಿನ್ನಿನ ವ್ಯಾಸವನ್ನೂ ಬರೆಯಿರಿ, ಎಷ್ಟು ಸರಿಸಿ ಶುರು ಮಾಡಬಹುದೆಂದು ಹೇಳುತ್ತೇನೆ.