27 ಐಟಂ ಲಿಸ್ಟು, ಮಗಳ ಹೊಟ್ಟೆನೋವು: ಒಂದು ಆಪ್ತಸಲಹೆ ಪ್ರಕರಣ

ಮೊದ್ಲೇ ಹೇಳ್ಬಿಡ್ತೀನಿ, ಇದನ್ನ ನನ್ನ ಹತ್ರ ಸಲಹೆಗೆ ಬಂದಿದ್ದ ಒಂದು ಮನೆಯವ್ರ ಒಪ್ಪಿಗೆ ತಗೊಂಡೇ ಬರೀತಿರೋದು, ಹೆಸರು, ಊರು, ಕೆಲಸ ಯಾವುದೂ ಹಾಕಿಲ್ಲ, ಗುರುತು ಸಿಗೋ ಒಂದೆರಡು ವಿವರ ಬದಲಾಯಿಸಿದೀನಿ. ಗಂಡ ಹೆಂಡ್ತಿ ಇಬ್ರಿಗೂ ಮೂವತ್ತರ ಆಸುಪಾಸು, ಇಬ್ರೂ ಕೆಲಸಕ್ಕೆ ಹೋಗ್ತಾರೆ. ಮಗಳಿಗೆ ಐದೂವರೆ, ಮಗನಿಗೆ ಎರಡೂವರೆ.

ಅವ್ರು ಬಂದಿದ್ದು ಹಬ್ಬದ ವಿಷ್ಯಕ್ಕಲ್ಲ, ಮಗಳ ಹೊಟ್ಟೆನೋವಿಗೆ. ಹಬ್ಬದ ರಜೆ ಹತ್ರ ಬರ್ತಾ ಬರ್ತಾ ದಿನಾ ಬೆಳಿಗ್ಗೆ ಹೊಕ್ಕಳ ಸುತ್ತ ನೋವು ಅಂತ ಅಳೋದು, ಮಧ್ಯಾಹ್ನದ ಹೊತ್ತಿಗೆ ಏನೂ ಇಲ್ಲ. ಮಕ್ಕಳ ಡಾಕ್ಟ್ರು ನೋಡಿ ಆಗಿತ್ತು, ತೂಕ ಸರಿ ಇದೆ, ಜ್ವರ ಇಲ್ಲ, ರಾತ್ರಿ ನೋವಿಗೆ ಎಚ್ಚರ ಆಗಲ್ಲ, ಟೆಸ್ಟ್ ಎಲ್ಲ ನಾರ್ಮಲ್. "ಯಾರಾದ್ರೂ ಕೌನ್ಸೆಲರ್ ಹತ್ರ ಮಾತಾಡಿ" ಅಂದಿದ್ರಂತೆ. ನಾಟಕ ಮಾಡ್ತಿದಾಳಾ ಅಂತ ಅಪ್ಪನಿಗೆ ಡೌಟು. ನಾಟಕ ಅಲ್ಲ. ಮಕ್ಕಳಲ್ಲಿ ಆತಂಕ ಹೊಟ್ಟೇಲೇ ಕೂತ್ಕೊಳೋದು ತುಂಬಾ ಸಾಮಾನ್ಯ, ಕಾರಣ ಮನಸ್ಸಲ್ಲಿದ್ರೂ ನೋವು ನಿಜವಾದ ನೋವೇ, ಅದನ್ನ ಅಪ್ಪಂಗೆ ಎರಡು ಸಲ ಹೇಳ್ಬೇಕಾಯ್ತು.

ಮಗಳ ಜೊತೆ ಒಬ್ಳೇ ಕೂತಾಗ ನಾನು ಕೇಳಿದ್ದು ಒಂದೇ ಪ್ರಶ್ನೆ, ಹಬ್ಬದ ದಿನ ನಿಮ್ಮನೇಲಿ ಏನೇನಾಗುತ್ತೆ ಪುಟ್ಟಿ ಅಂತ. ಬ್ಲಾಕ್ಸ್ ಜೋಡಿಸ್ತಾ ತಲೆ ಎತ್ತದೇ ಹೇಳಿದ್ಳು: "ಅಮ್ಮ ಬೇಗ ಬೇಗ ಅಂತಾಳೆ." ಆಮೇಲೆ? "ಆಮೇಲೆ ನಗು ಅಂತಾಳೆ." ಅಷ್ಟೇ, ಮುಗೀತು ಹಬ್ಬ.

ಎರಡನೇ ಸೆಷನ್ನಲ್ಲಿ ಅಮ್ಮ ಫೋನ್ ತೆಗ್ದು ಹಬ್ಬಕ್ಕೆ ಮಾಡ್ಬೇಕಾದ್ದರ ಲಿಸ್ಟ್ ತೋರ್ಸಿದ್ರು. 27 ಐಟಂ. ಮನೆ ಕ್ಲೀನಿಂಗು, ಅಲಂಕಾರ, ನಾಲ್ಕೂ ಜನಕ್ಕೆ ಒಂದೇ ಬಣ್ಣದ ಬಟ್ಟೆ, ಮಕ್ಕಳ ಕೈಲಿ ಗ್ರೀಟಿಂಗ್ ಕಾರ್ಡ್ ಮಾಡ್ಸೋದು, ರಜೆ ಪೂರ್ತಿ ದಿನಕ್ಕೊಂದು ಆಕ್ಟಿವಿಟಿ, ಎರಡೂ ಕಡೆ ಅಜ್ಜಿ ಮನೆ ಒಂದೇ ದಿನ, ಎಲ್ರಿಗೂ ಗಿಫ್ಟ್, ಎಲ್ಲದಕ್ಕೂ ಫೋಟೋ. ನೋಡಿ ನಂಗೇ ಸುಸ್ತಾಯ್ತು.

ಇಲ್ಲಿ ನಾನೊಂದು ತಪ್ಪು ಮಾಡ್ದೆ, ಹೇಳ್ಕೊಂಡ್ರೆ ಬೇರೆ ಯಾರಿಗಾದ್ರೂ ಉಪಯೋಗ ಆಗ್ಬೋದು. ಇದು ಜಾಸ್ತಿ ಆಯ್ತಮ್ಮ, 27ನ್ನ 7ಕ್ಕೆ ಇಳಿಸಿ ಅಂದ್ಬಿಟ್ಟೆ. ಆಕೆ ತಲೆಯಾಡಿಸಿ ಎದ್ದು ಹೋದ್ರು, ಮುಂದಿನ ಸೆಷನ್ನಿಗೆ ಬರ್ಲೇ ಇಲ್ಲ. ಫೋನ್ ಮಾಡ್ದಾಗ ಒಬ್ರೇ ಬರ್ಲಾ ಮೇಡಂ ಅಂತ ಕೇಳಿ ಬಂದ್ರು, ಬಂದು ಅರ್ಧ ಗಂಟೆ ಅತ್ತರು. ಆಕೆಗೆ ಎಂಟು ವರ್ಷ ಇದ್ದಾಗ ಅಪ್ಪ ತೀರ್ಕೊಂಡಿದ್ರು. ಆಮೇಲೆ ಆ ಮನೇಲಿ ಹಬ್ಬ ಅನ್ನೋದೇ ನಿಂತೋಯ್ತು, ಎದುರು ಮನೆ ದೀಪ ಕಾಣುತ್ತೆ ಅಂತ ಈಕೆ ಕಿಟಕಿ ಹತ್ರ ನಿಂತ್ರೆ ಅವ್ರಮ್ಮ ಬಂದು ಕಿಟಕಿ ಮುಚ್ಚೋರಂತೆ, ಬೈತಿರ್ಲಿಲ್ಲ, ಸುಮ್ನೆ ಮುಚ್ಚೋರು ಅಷ್ಟೇ. "ಲಿಸ್ಟ್ ಕಮ್ಮಿ ಮಾಡಿ ಅಂದ್ರಲ್ಲ, ನಂಗೆ ಆ ಕಿಟಕಿ ಮುಚ್ಚಿದ ಹಾಗೇ ಅನ್ನಿಸ್ತು ಮೇಡಂ."

ನಾನು ಕ್ಷಮೆ ಕೇಳ್ದೆ, ಕೇಳ್ಬೇಕಿತ್ತು.

ಗಂಡನ ಕಥೆ ಇದ್ರ ಉಲ್ಟಾ. ಅವ್ರ ಮನೇಲಿ ಪ್ರತಿ ಹಬ್ಬನೂ ಜೋರು, ಪ್ರತಿ ಹಬ್ಬಕ್ಕೂ ಜಗಳ, ಯಾರು ಏನು ಕೊಟ್ರು, ಯಾರು ಕರೆದಿಲ್ಲ, ಯಾರು ಮುಖ ಊದಿಸ್ಕೊಂಡ್ರು. ದನಿ ಏರೋಕೆ ಶುರುವಾದ ತಕ್ಷಣ "ಅಂಗಡಿಯಿಂದ ಏನಾದ್ರೂ ತರ್ಬೇಕಾ" ಅಂತ ಚೀಲ ಹಿಡ್ಕೊಂಡು ಮಾಯ ಆಗೋದನ್ನ ಹತ್ತು ವರ್ಷಕ್ಕೇ ಕಲ್ತಿದ್ರಂತೆ. ಈಗ್ಲೂ ಅದೇ. ಹೆಂಡ್ತಿ ಸ್ಪೀಡ್ ಜಾಸ್ತಿ ಆದಷ್ಟೂ ಇವ್ರು ಅಂಗಡಿಗೆ, ಇವ್ರು ಅಂಗಡಿಗೆ ಹೋದಷ್ಟೂ ಆಕೆ ಸ್ಪೀಡು ಜಾಸ್ತಿ, ಮಧ್ಯದಲ್ಲಿ ನಗು ನಗು ಅನ್ನಿಸ್ಕೊಂಡು ಒಂದು ಐದೂವರೆ ವರ್ಷದ ಹುಡ್ಗಿ. ಎಲ್ರ ಖುಷಿಗೂ ಆ ಮಗುನೇ ಸಾಕ್ಷಿ ಆಗ್ಬೇಕಿತ್ತು. ಅವಳು ನಕ್ಕರೆ ಅಮ್ಮ ಪಟ್ಟ ಕಷ್ಟ ಸಾರ್ಥಕ, ನಗ್ಲಿಲ್ಲ ಅಂದ್ರೆ ಅಮ್ಮನ ಮುಖ ಬಾಡುತ್ತೆ, ಅಪ್ಪ ಕಾಣಿಸಲ್ಲ. ಇಷ್ಟು ದೊಡ್ಡ ಕೆಲಸ ಕೊಟ್ರೆ ನಂಗೂ ಹೊಟ್ಟೆನೋವು ಬರುತ್ತೆ.

ಸರಿ, ಲಿಸ್ಟ್ ಕತ್ತರಿಸೋದು ಬೇಡ, ವಿಂಗಡಿಸೋಣ ಅಂದೆ. ಒಂದೊಂದು ಐಟಂ ಒಂದೊಂದು ಚೀಟೀಲಿ ಬರ್ದು, ಪ್ರತಿಯೊಂದಕ್ಕೂ "ಇದನ್ನ ಈ ವರ್ಷ ಮಾಡ್ದೇ ಇದ್ರೆ ಯಾರು ಕೇಳ್ತಾರೆ" ಅಂತ ಪ್ರಶ್ನೆ. ಇದಕ್ಕೊಂದು ಹಿನ್ನೆಲೆ ಇದೆ. ಬಾರ್ಬರಾ ಫೀಸ್ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಯವ್ರು 2002ರಲ್ಲಿ ಮನೆಯ ದಿನಚರಿ ಮತ್ತು ಆಚರಣೆಗಳ ಮೇಲಿನ 50 ವರ್ಷದ ಸಂಶೋಧನೆನ ಒಟ್ಟಿಗೆ ಪರಿಶೀಲಿಸಿದ್ರು, ಅದ್ರಲ್ಲಿ ಎರಡನ್ನೂ ಬೇರೆ ಬೇರೆ ಮಾಡಿ ನೋಡ್ತಾರೆ: ದಿನಚರಿ ಅಂದ್ರೆ ಆಗ್ಬೇಕಾದ ಕೆಲಸ, ಆಚರಣೆ ಅಂದ್ರೆ "ನಾವು ಇಂಥ ಮನೆಯವ್ರು" ಅನ್ನೋ ಅರ್ಥ ಹೊತ್ತಿರೋದು. ಕೆಲಸ ಮುಗಿದ್ರೆ ಮುಗೀತು, ಆಚರಣೆ ತಪ್ಪಿದ್ರೆ ಯಾರಾದ್ರೂ ಹುಡುಕ್ತಾರೆ. ಈ ಲಿಸ್ಟಲ್ಲಿ ಬಹಳಷ್ಟು ಐಟಂ ಆಚರಣೆ ವೇಷದಲ್ಲಿದ್ದ ಕೆಲಸ.

ವಿಂಗಡಿಸಿದಾಗ 8 ಚೀಟಿ ಯಾರೂ ಕೇಳಲ್ಲ. 9 ಚೀಟಿ ಸಂಬಂಧಿಕರು ಏನಂತಾರೋ ಅಂತ. ಮಗಳು ಇಟ್ಕೊಂಡಿದ್ದು 3, ಅಪ್ಪ 1, ಅಮ್ಮ 6. ಮಗಳು ಲಿಸ್ಟಲ್ಲೇ ಇಲ್ದಿರೋದು ಇನ್ನೊಂದು ಸೇರ್ಸಿದ್ಳು, ಅಲಂಕಾರದ ಸಾಮಾನು ತೆಗ್ದಾದ ಮೇಲೆ ಖಾಲಿ ರಟ್ಟಿನ ಡಬ್ಬದಲ್ಲಿ ಅವಳು ಕೂತ್ಕೊಂಡು ಅಪ್ಪ ಮನೆ ತುಂಬಾ ಎಳೀಬೇಕು, ತಮ್ಮ ಹಿಂದಿಂದ ತಳ್ಬೇಕು. ಹೋದ ವರ್ಷ ಒಂದೇ ಸಲ ಆಗಿದ್ದಂತೆ, ಅಪ್ಪಂಗೆ ಮರ್ತೇ ಹೋಗಿತ್ತು.

ಅಮ್ಮನ ಆರು ಚೀಟಿ ಬಗ್ಗೆ ಸ್ವಲ್ಪ ಹೆಚ್ಚು ಹೇಳ್ಬೇಕು, ಯಾಕಂದ್ರೆ ನನ್ನ ಪ್ರಕಾರ ಈ ಪ್ರಕರಣ ತಿರುಗಿದ್ದೇ ಅಲ್ಲಿ. ಆರನ್ನೂ ಇಟ್ಕೊಳಿ ಅಂದೆ, ಒಂದನ್ನೂ ಬಿಡ್ಬೇಡಿ. ಆದ್ರೆ ಇದು ಮಕ್ಕಳಿಗೋಸ್ಕರ ಅನ್ನೋದು ಬಿಡಿ, ಇದು ನಂಗಿಷ್ಟ, ನಂಗೆ ಬೇಕು ಅಂತ ಹೇಳಿ ಮಾಡಿ. ಮಕ್ಕಳು ಹತ್ತು ನಿಮಿಷ ಜೊತೇಲಿದ್ದು ಆಟಕ್ಕೆ ಓಡೋದ್ರೆ ಓಡ್ಲಿ. ಎಂಟು ವರ್ಷದ ಆ ಹುಡ್ಗಿಗೆ ಸಲ್ಬೇಕಾದ್ದನ್ನ ನೀವು ಸಲ್ಲಿಸ್ತಿದೀರ, ಒಳ್ಳೇದೇ, ಅದ್ರ ರಸೀದಿಗೆ ಮಾತ್ರ ಮಗಳ ಕೈಲಿ ಸೈನ್ ಹಾಕಿಸ್ಬೇಡಿ. ಆಕೆ ಫಸ್ಟ್ ಟೈಮ್ ನಕ್ಕಿದ್ದು ಆವಾಗ.

ಗಂಡನಿಗೆ ಕೊಟ್ಟ ಸಲಹೆ ಬೇರೆ. ಅವ್ರ ವಾದ, "ಹೇಳಿದ್ರೆ ಮಾಡ್ತೀನಲ್ಲ ಮೇಡಂ." ಹೇಳೋದೇ ಒಂದು ಕೆಲಸ ಸರ್ ಅಂದೆ. ಆಲಿಸನ್ ಡಾಮಿಂಜರ್ ಅನ್ನೋ ಸಮಾಜಶಾಸ್ತ್ರಜ್ಞೆ 35 ಜೋಡಿಗಳನ್ನ ಮಾತಾಡ್ಸಿ 2019ರಲ್ಲಿ ಬರ್ದಿದ್ರು, ಮನೆಯ ತಲೆಕೆಲಸದಲ್ಲಿ ನಾಲ್ಕು ಭಾಗ: ಮುಂದೆ ಏನು ಬೇಕಾಗುತ್ತೆ ಅಂತ ಮೊದ್ಲೇ ಊಹಿಸೋದು, ದಾರಿ ಹುಡುಕೋದು, ತೀರ್ಮಾನ ಮಾಡೋದು, ಆಯ್ತಾ ಅಂತ ಕಣ್ಣಿಡೋದು. ತೀರ್ಮಾನ ಇಬ್ರೂ ಸೇರಿ ಮಾಡೋದು ಹೆಚ್ಚು, ಆದ್ರೆ ಊಹಿಸೋದು ಕಣ್ಣಿಡೋದು ಹೆಚ್ಚಾಗಿ ಹೆಂಡ್ತಿ ತಲೆಗೇ. ಅದಕ್ಕೆ ಸಹಾಯ ಮಾಡೋದು ಬಿಟ್ಟು ಎರಡು ಐಟಂ ಬುಡದಿಂದ ತುದಿವರೆಗೂ ತಗೊಳಿ, ನೆನಪಿಡೋದೂ ಸೇರಿ ಅಂದೆ. ಎರಡೂ ಕಡೆ ಗಿಫ್ಟು, ಪ್ರಯಾಣದ ಬ್ಯಾಗು ತಗೊಂಡ್ರು. ಅವ್ರು ಮರೆತ್ರೆ ಹೆಂಡ್ತಿ ನೆನಪಿಸೋ ಹಾಗಿಲ್ಲ, ಅದು ಆಕೆಗೆ ಕೊಟ್ಟ ಹೋಮ್‌ವರ್ಕ್, ಅದೇ ಕಷ್ಟದ್ದು.

ಅಂಗಡಿಗೆ ಮಾಯ ಆಗೋದನ್ನ ಪೂರ್ತಿ ನಿಲ್ಸಿ ಅಂತ ಹೇಳ್ಲಿಲ್ಲ, ಅಷ್ಟು ಹಳೇ ಅಭ್ಯಾಸ ಹಾಗೆಲ್ಲ ನಿಲ್ಲಲ್ಲ. ಹೋಗೋ ಮುಂಚೆ "ಹತ್ತು ನಿಮಿಷ ಬೇಕು, ಬರ್ತೀನಿ" ಅಂತ ಹೇಳಿ ಹೋಗಿ, ಹೇಳಿದ ಟೈಮಿಗೆ ವಾಪಸ್ ಬನ್ನಿ.

ಒಂದೇ ದಿನ ಎರಡು ಮನೆ ಪ್ಲಾನಿಗೆ ಮಾತ್ರ ನಾನು ಸ್ಟ್ರಿಕ್ಟಾಗಿ ಬೇಡ ಅಂದೆ. 2016ರ ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ ಶಿಫಾರಸು ಪ್ರಕಾರ ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದರವ್ರಿಗೆ 10ರಿಂದ 13 ಗಂಟೆ ನಿದ್ದೆ ಬೇಕು, ಹಗಲು ನಿದ್ದೆ ಸೇರಿ. ಎರಡೂವರೆ ವರ್ಷದೋನು ಮಧ್ಯಾಹ್ನ ಮಲಗದೇ ಕಾರಲ್ಲಿ ಹೋಗಿ, ಸಂಜೆ ಇಪ್ಪತ್ತು ಜನರ ಮಧ್ಯೆ ನೆಲಕ್ಕೆ ಬಿದ್ದು ಕಿರುಚಿದ್ರೆ ಅದು ಹಟ ಅಲ್ಲ, ನಿದ್ದೆ. ಒಂದು ಮನೆ ಆ ದಿನ, ಇನ್ನೊಂದು ಮಾರನೇ ದಿನ, ಪುಟ್ಟ ಮಲಗಿ ಎದ್ದ ಮೇಲೆ. ಇದನ್ನ ಯಾರು ಹೇಳೋದು? ಅವರವ್ರ ಅಮ್ಮಂಗೆ ಅವರವ್ರೇ ಹೇಳ್ಬೇಕು, ಸೊಸೆ ಬಾಯಲ್ಲಿ ಅತ್ತೆಗೆ ಹೇಳ್ಸಿದ್ರೆ ಅದು ನಿದ್ದೆ ವಿಷ್ಯವಾಗಿ ಉಳಿಯಲ್ಲ.

ಉಳಿದದ್ದು ಚಿಕ್ಕ ಚಿಕ್ಕವು. "ನಗು" ಅನ್ನೋ ಪದ ಮನೇಲಿ ಬ್ಯಾನ್, ಫೋಟೋ ಶುರುವಲ್ಲೇ ಒಂದು ಸಲ, ಆಮೇಲೆ ಫೋನ್ ಡ್ರಾಯರಲ್ಲಿ. ಮಕ್ಕಳು ಇಷ್ಟ ಇಲ್ದೇ ಯಾರನ್ನೂ ತಬ್ಕೋಬೇಕಿಲ್ಲ, ಕೈ ಬೀಸಿದ್ರೂ ಸಾಕು. ಬಂದ ಆಟಿಕೆ ಎಲ್ಲ ಒಟ್ಟಿಗೆ ಬಿಚ್ಚೋದು ಬೇಡ. 2018ರಲ್ಲಿ ಅಮೆರಿಕದ ಟೊಲೀಡೊ ವಿಶ್ವವಿದ್ಯಾಲಯದವ್ರು 36 ಪುಟ್ಟ ಮಕ್ಕಳ ಮೇಲೆ ನೋಡಿದ್ರು, 16 ಆಟಿಕೆ ಇಟ್ಟಾಗಿನದಕ್ಕಿಂತ 4 ಇಟ್ಟಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದ್ರು. ಉಳಿದದ್ದು ಅಟ್ಟಕ್ಕೆ, ವಾರಕ್ಕೊಂದು ಇಳೀಲಿ.

ಹೊಟ್ಟೆನೋವಿಗೆ ಅಪ್ಪ ಒಂದು ಐಡಿಯಾ ತಂದಿದ್ರು, ನೋವಿಲ್ಲದ ದಿನಕ್ಕೊಂದು ಸ್ಟಾರ್ ಸ್ಟಿಕರ್. ಬೇಡ್ವೇ ಬೇಡ ಅಂದೆ, ಮಗು ನೋವು ಮುಚ್ಚಿಡೋದು ಕಲಿಯುತ್ತೆ. ಬೆಳಿಗ್ಗೆ ಎದ್ದ ತಕ್ಷಣ "ನೋಯ್ತಿದ್ಯಾ" ಅಂತ ನೀವಾಗೇ ಕೇಳ್ಬೇಡಿ. ಅವಳು ಹೇಳಿದ್ರೆ "ಹೌದಾ ಕಂದ, ನೋಯ್ತಿದೆ ಅಲ್ವಾ" ಅಂತ ಹೊಟ್ಟೆ ಸವರಿ, ಮಾಮೂಲಿ ದಿನಚರಿ ಮುಂದುವರೆಸಿ. ನೋವಿಗೆ ರಾತ್ರಿ ಎಚ್ಚರ ಆದ್ರೆ, ತೂಕ ಇಳಿದ್ರೆ, ಜ್ವರ, ಪದೇ ಪದೇ ವಾಂತಿ, ಮಲದಲ್ಲಿ ರಕ್ತ ಕಂಡ್ರೆ ನನ್ನ ಹತ್ರ ಅಲ್ಲ, ಸೀದಾ ಡಾಕ್ಟ್ರ ಹತ್ರ. ದಿನಾ ಹದಿನೈದು ನಿಮಿಷ ಅವಳು ಹೇಳಿದ ಆಟ, ಅವಳು ಹೇಳಿದ ಹಾಗೆ, ಸರದಿ ಪ್ರಕಾರ ಅಪ್ಪ ಅಥವಾ ಅಮ್ಮ. ಮಲಗೋವಾಗ "ಮಜಾ ಬಂತಾ" ಅಂತ ಕೇಳಿದ್ರೆ ಹೂಂ ಅಂತಾಳೆ, ಕಥೆ ಮುಗೀತು. "ಪುಟ್ಟ ಅತ್ನಲ್ಲ, ಯಾಕಿರ್ಬೋದು? ಆಮೇಲೇನಾಯ್ತು?" ಅಂತ ಕೇಳಿ, ಬೇಜಾರಾಗಿದ್ದನ್ನೂ ಹೇಳೋಕೆ ಬಿಡಿ. ಹೀಗೆ ನಡೆದದ್ದನ್ನ ಬಿಡಿಸಿ ಬಿಡಿಸಿ ಮಾತಾಡೋ ಅಪ್ಪ ಅಮ್ಮಂದಿರ ಮಕ್ಕಳು ತಮ್ಮ ನೆನಪುಗಳನ್ನ ಹೆಚ್ಚು ವಿವರವಾಗಿ ಹೇಳ್ತಾರೆ ಅಂತ ರಾಬಿನ್ ಫಿವುಶ್ ಅನ್ನೋ ಮನಶ್ಶಾಸ್ತ್ರಜ್ಞೆಯ ಸಂಶೋಧನೆಯಿಂದ ಗೊತ್ತಿದೆ.

ರಜೆ ಮುಗಿದ ಎರಡು ವಾರಕ್ಕೆ ಇಬ್ರೂ ಬಂದ್ರು. ಎಲ್ಲ ಸರಿಹೋಯ್ತು ಅಂತೇನಿಲ್ಲ. ಹೊಟ್ಟೆನೋವು ಪೂರ್ತಿ ಹೋಗಿಲ್ಲ, ರಜೇಲಿ ಎರಡು ಬೆಳಿಗ್ಗೆ ಬಂದಿತ್ತು. ಮಾರನೇ ದಿನ ಬರ್ತೀವಿ ಅಂದಿದ್ದಕ್ಕೆ ಗಂಡನ ಅಮ್ಮ ಒಂದು ವಾರ ಸರಿಯಾಗಿ ಮಾತಾಡಿಲ್ಲ. ಗಂಡ ಒಂದು ಮನೆ ಗಿಫ್ಟು ಮರ್ತೇ ಬಿಟ್ಟಿದ್ರು, ಆಕೆ ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ, "ನಾಲಿಗೆ ಕಚ್ಕೊಂಡೇ ಇದ್ದೆ ಮೇಡಂ", ಅಲ್ಲಿ ಹೋಗಿ ಇವ್ರೇ ಪೆಚ್ಚುಪೆಚ್ಚಾಗಿ ಸಾರಿ ಕೇಳಿದ್ರಂತೆ. ರಟ್ಟಿನ ಡಬ್ಬ ಮೂರನೇ ರೌಂಡಿಗೆ ಹರಿದುಹೋಯ್ತು.

ಆಕೆಯ ಆರು ಚೀಟೀಲಿ ಒಂದು ಕಿಟಕೀಲಿ ದೀಪ ಇಡೋದು. ಮಗಳು ನಾಲ್ಕು ನಿಮಿಷ ಜೊತೆಗಿದ್ದು "ಸಾಕು" ಅಂತ ಓಡೋದ್ಳು. ಈಕೆ ತಡೀಲಿಲ್ಲ, ಒಬ್ರೇ ಇಡ್ತಾ ನಿಂತಿದ್ರು, ಗಂಡ ಬಂದು ಪಕ್ಕದಲ್ಲಿ ನಿಂತ್ರು. "ಎಷ್ಟೊತ್ತು ನಿಂತಿದ್ರೋ ಗೊತ್ತಿಲ್ಲ ಮೇಡಂ," ಅಂದ್ರು ಆಕೆ, "ಅಂಗಡಿಯಿಂದ ಏನಾದ್ರೂ ಬೇಕಾ ಅಂತ ಮಾತ್ರ ಕೇಳ್ಲಿಲ್ಲ."