ಇಂಗ್ಲೆಂಡಿನಲ್ಲಿ ಎರಡು ಪೆಗ್ ಹಾಕಿ ಕಾರು ಓಡಿಸಬಹುದೇ?

ಮುಂದಿನ ತಿಂಗಳು ವಿರಾಜಪೇಟೆಯಿಂದ ಲೆಸ್ಟರ್‌ಗೆ ಹೊರಟಿದ್ದೇನೆ, ಹೆಂಡತಿಗೆ ಅಲ್ಲಿ ನರ್ಸ್ ಕೆಲಸ, ನನ್ನ ಬಳಿ ಊರಿನ ಲೈಸೆನ್ಸ್ ಇದೆ, ನಮ್ಮವರ ಕೂಟದಲ್ಲಿ ಎರಡು ಪೆಗ್ ಹಾಕಿ ಕಾರು ಓಡಿಸಿದರೆ ನಡೆಯುತ್ತದಾ, ಸಿಕ್ಕಿಬಿದ್ದರೆ ದಂಡ ಎಷ್ಟು ಎಂದು ಕೇಳಿದ್ದೀರಿ.

ದಂಡದ ಲೆಕ್ಕ ಆಮೇಲೆ ಹೇಳುತ್ತೇನೆ. ಇಲ್ಲಿ ಇಂಗ್ಲೆಂಡಿನಲ್ಲಿ ನಿಜವಾದ ಪೆಟ್ಟು ದುಡ್ಡಿನದಲ್ಲ. ಕನಿಷ್ಠ ಹನ್ನೆರಡು ತಿಂಗಳು ಸ್ಟೀರಿಂಗ್ ಮುಟ್ಟುವ ಹಾಗಿಲ್ಲ, ಹೆಸರಿಗೆ ಕ್ರಿಮಿನಲ್ ಶಿಕ್ಷೆ ಅಂಟಿಕೊಳ್ಳುತ್ತದೆ, ಅದು ವೀಸಾ ಅರ್ಜಿಯವರೆಗೂ ಬೆನ್ನು ಹತ್ತಿ ಬರುತ್ತದೆ.

ಮೊದಲು ಮಿತಿ. ಇಂಗ್ಲೆಂಡ್, ವೇಲ್ಸ್‌ನಲ್ಲಿ 100 ಮಿ.ಲೀ. ರಕ್ತದಲ್ಲಿ 80 ಮಿ.ಗ್ರಾಂ ಆಲ್ಕೋಹಾಲ್, ಉಸಿರಿನಲ್ಲಾದರೆ 100 ಮಿ.ಲೀ.ಗೆ 35 ಮೈಕ್ರೋಗ್ರಾಂ. ರಕ್ತದ ಮಿತಿ 1967ರಲ್ಲಿ ಬಂದದ್ದು. ಅದನ್ನು 50ಕ್ಕೆ ಇಳಿಸಿ ಎಂದು 2010ರಲ್ಲೇ ಸರ್ಕಾರ ಕೇಳಿ ಬರೆಸಿದ್ದ ಸರ್ ಪೀಟರ್ ನಾರ್ತ್ ವರದಿ ಶಿಫಾರಸು ಮಾಡಿತ್ತು. ಸ್ಕಾಟ್ಲೆಂಡ್ 2014ರ ಡಿಸೆಂಬರ್ 5ರಂದು ಇಳಿಸಿಯೂ ಬಿಟ್ಟಿತು: ಅಲ್ಲಿ ರಕ್ತಕ್ಕೆ 50, ಉಸಿರಿಗೆ 22. ಎಡಿನ್‌ಬರೋಗೆ ಕಾರಿನಲ್ಲಿ ಹೋಗುವವರು ಗಡಿ ದಾಟುವಾಗ ಇದನ್ನು ಮರೆಯಬಾರದು. ಕಾಗದದ ಮೇಲೆ ನಮ್ಮ ಕಾನೂನೇ ಇದಕ್ಕಿಂತ ಬಿಗಿ: ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 30 ಮಿ.ಗ್ರಾಂ, ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ಹಾಗಾಗಿ "ಅಲ್ಲಿ 80 ಇದೆಯಲ್ಲ, ಧಾರಾಳ" ಎಂದುಕೊಂಡು ವಿಮಾನ ಹತ್ತಬೇಡಿ.

ಇನ್ನು ಪೆಗ್ಗಿನ ಲೆಕ್ಕ. ಹೊಸಬರು ಎಡವುವುದು ಇಲ್ಲೇ. ಇಲ್ಲಿ ಎಲ್ಲವನ್ನೂ ಯೂನಿಟ್‌ನಲ್ಲಿ ಅಳೆಯುತ್ತಾರೆ. ಒಂದು ಯೂನಿಟ್ ಎಂದರೆ 10 ಮಿ.ಲೀ. ಅಪ್ಪಟ ಆಲ್ಕೋಹಾಲ್. ಪಬ್ಬಿನಲ್ಲಿ ಸಿಂಗಲ್ ಎಂದರೆ ಸಾಮಾನ್ಯವಾಗಿ 25 ಮಿ.ಲೀ., ಶೇ. 40ರ ಮದ್ಯವಾದರೆ ಸರಿಯಾಗಿ ಒಂದು ಯೂನಿಟ್. ನಮ್ಮ ಲಾರ್ಜ್ 60 ಮಿ.ಲೀ., ಊರಿನಿಂದ ತಂದ ರಮ್ಮು ಶೇ. 42.8. ಗುಣಿಸಿದರೆ ಸುಮಾರು 2.6 ಯೂನಿಟ್. ಅಂದರೆ ನಿಮ್ಮ "ಎರಡು ಪೆಗ್" ಇಲ್ಲಿನ ಐದು ಸಿಂಗಲ್‌ಗೆ ಸಮ. ಅದೂ ಅಳತೆಯ ಕಪ್ ಹಿಡಿದು ಸುರಿದರೆ. ಮನೆಯ ಕೂಟದಲ್ಲಿ ಭಾವಂದಿರು ಅಳೆದು ಸುರಿಯುವುದನ್ನು ಯಾರು ಕಂಡಿದ್ದಾರೆ! ಶೇ. 5.2ರ ಬಿಯರ್ ಒಂದು ಪೈಂಟ್, ಅಂದರೆ 568 ಮಿ.ಲೀ., ಸುಮಾರು ಮೂರು ಯೂನಿಟ್. ಶೇ. 12ರ ವೈನ್ ಪೂರ್ತಿ ಬಾಟಲಿಗೆ ಒಂಬತ್ತು. ಮನೆಯಲ್ಲೇ ಹಾಕಿದ ದ್ರಾಕ್ಷಿ, ನೆಲ್ಲಿಕಾಯಿ ವೈನಿಗೆ ಲೇಬಲ್ಲೇ ಇಲ್ಲ, ಸಿಹಿ ಇದ್ದರೆ ಹಗುರ ಎಂದೂ ಅರ್ಥವಲ್ಲ. ಅದನ್ನು ಅಂಗಡಿ ವೈನಿಗಿಂತ ಗಟ್ಟಿ ಎಂದೇ ಎಣಿಸಿಕೊಳ್ಳಿ.

ಎಷ್ಟು ಯೂನಿಟ್ ಕುಡಿದರೆ ಮಿತಿಯೊಳಗೆ ಎಂದು ಯಾರೂ ಬರೆದುಕೊಡಲಾರರು. ಮೈತೂಕ, ಗಂಡೋ ಹೆಣ್ಣೋ, ಊಟ ಮಾಡಿದ್ದೀರೋ ಇಲ್ಲವೋ, ಎಲ್ಲವೂ ಅಂಕಿಯನ್ನು ಬದಲಿಸುತ್ತವೆ. ಓಡಿಸುವವರು ಸೊನ್ನೆ ಎಂದಿಟ್ಟುಕೊಂಡರೆ ಲೆಕ್ಕವೇ ಬೇಡ.

ಆದರೂ ಲೆಕ್ಕ ಬೇಕಾಗುವುದು ಮರುದಿನ ಬೆಳಿಗ್ಗೆಗೆ. ದೇಹ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ಕರಗಿಸುತ್ತದೆ, ಕೆಲವರಲ್ಲಿ ಇನ್ನೂ ನಿಧಾನ. ಪುತ್ತರಿ ಕೂಟದಲ್ಲಿ ನಾಲ್ಕು ಲಾರ್ಜ್ ಹಾಕಿ ನಡುರಾತ್ರಿಗೆ ಲೋಟ ಕೆಳಗಿಟ್ಟರೆ ಹತ್ತು ಯೂನಿಟ್ ಮೀರಿತು. ಕೊನೆಯ ಲೋಟದಿಂದ ಎಣಿಸುವುದೇ ಕ್ಷೇಮ. ಹಾಗೆ ಎಣಿಸಿದರೆ ಮೈ ಪೂರ್ತಿ ತಿಳಿಯಾಗಲು ಬೆಳಿಗ್ಗೆ ಹತ್ತು ದಾಟುತ್ತದೆ. ಏಳರ ಶಿಫ್ಟಿಗೆ ಹೆಂಡತಿಯನ್ನು ಬಿಡಲು ಆರೂವರೆಗೆ ಕಾರು ತೆಗೆದವರ ಮೈಯಲ್ಲಿ ಇನ್ನೂ ಆಲ್ಕೋಹಾಲ್ ಇದೆ, ಮಿತಿ ಮೀರಿರಲೂಬಹುದು. ರಾತ್ರಿ ಟ್ಯಾಕ್ಸಿಯಲ್ಲಿ ಜಾಣರಾಗಿ ಬಂದವರೂ ಹೀಗೆ ಸಿಕ್ಕಿಬೀಳುತ್ತಾರೆ. ಬೆಲ್ಲದ ಕಾಫಿ, ತಣ್ಣೀರು ಸ್ನಾನ, ವಾಂತಿ, ನಿದ್ದೆ ಯಾವುದೂ ಕರಗಿಸುವ ವೇಗ ಹೆಚ್ಚಿಸುವುದಿಲ್ಲ. ಹೊಟ್ಟೆ ತುಂಬಾ ಪಂದಿ ಕರಿ, ಕಡಂಬುಟ್ಟು ತಿಂದಿದ್ದರೆ ಏರುವುದು ನಿಧಾನವಾಗುತ್ತದೆ, ಅಷ್ಟೇ. ಒಳಗೆ ಹೋದದ್ದನ್ನು ಕರಗಿಸುವ ಕೆಲಸ ಲಿವರ್‌ಗೇ ಉಳಿಯುತ್ತದೆ.

ಹಿಡಿದರೆ ಏನಾಗುತ್ತದೆ? ಇಲ್ಲಿ ಪೊಲೀಸರು ಯಾವ ಗಾಡಿಯನ್ನೂ ಕಾರಣ ಹೇಳದೆ ನಿಲ್ಲಿಸಬಹುದು. ಊದಿಸಲು ಮಾತ್ರ ಕುಡಿದ ಗುಮಾನಿ, ಸಂಚಾರ ನಿಯಮದ ಉಲ್ಲಂಘನೆ, ಇಲ್ಲವೇ ಅಪಘಾತ ಬೇಕು. ಬಾಗಿಲು ತೆಗೆದಾಗ ಬರುವ ವಾಸನೆಯೇ ಗುಮಾನಿಗೆ ಸಾಕು. ನೀಲಿ ದೀಪ ಕಂಡರೆ ಎಡಕ್ಕೆ ತಂದು ಎಂಜಿನ್ ಆರಿಸಿ, ಒಳಗೇ ಕೂತಿರಿ. ರಸ್ತೆ ಬದಿಯಲ್ಲಿ ಊದಿಸುವುದು ಪ್ರಾಥಮಿಕ ಪರೀಕ್ಷೆ. ಮೀರಿದರೆ ಬಂಧಿಸಿ ಠಾಣೆಗೆ ಕರೆದೊಯ್ಯುತ್ತಾರೆ. ಕೋರ್ಟಿಗೆ ಹೋಗುವುದು ಸಾಮಾನ್ಯವಾಗಿ ಠಾಣೆಯ ಯಂತ್ರದ ಅಂಕಿ: ಎರಡು ಸಲ ಊದಿಸಿ ಕಡಿಮೆ ಬಂದದ್ದನ್ನು ಹಿಡಿಯುತ್ತಾರೆ. ಪುಕ್ಕಟೆ ವಕೀಲರನ್ನು ಕೇಳುವ ಹಕ್ಕಿದೆ, ಆದರೆ ಅವರು ಬರುವವರೆಗೂ ಊದುವುದಿಲ್ಲ ಎನ್ನುವ ಹಾಗಿಲ್ಲ. ಊದಲು ನಿರಾಕರಿಸುವುದೇ ಬೇರೆ ಅಪರಾಧ, ಠಾಣೆಯಲ್ಲಿ ನಿರಾಕರಿಸಿದರೆ ಶಿಕ್ಷೆ ಕುಡಿದು ಓಡಿಸಿದಷ್ಟೇ. ಆಸ್ತಮಾ ಇದ್ದು ಊದಲು ಆಗದಿದ್ದರೆ ಆಗಲೇ ಹೇಳಿ, ರಕ್ತ ತೆಗೆಯುತ್ತಾರೆ. "ಇಲ್ಲೇ ಮುಗಿಸಿಬಿಡಿ ಸಾರ್" ಎಂದು ಪರ್ಸ್ ತೆಗೆಯುವ ಯೋಚನೆಯೂ ಬೇಡ. 2010ರ ಲಂಚ ಕಾಯ್ದೆಯಲ್ಲಿ ಕೊಡಲು ಮುಂದಾಗುವುದಕ್ಕೇ ಹತ್ತು ವರ್ಷದವರೆಗೆ ಜೈಲಿದೆ.

ಈಗ ದಂಡ. ಸ್ಥಳದಲ್ಲೇ ಕಟ್ಟುವ ದಂಡ ಇದಕ್ಕಿಲ್ಲ, ಮ್ಯಾಜಿಸ್ಟ್ರೇಟ್ ಕೋರ್ಟಿಗೇ ಹೋಗಬೇಕು. ಕಾನೂನಿನ ಪ್ರಕಾರ ದಂಡಕ್ಕೆ ಮೇಲ್ಮಿತಿಯೇ ಇಲ್ಲ, ಆರು ತಿಂಗಳವರೆಗೆ ಜೈಲೂ ಸಾಧ್ಯ. ಇಂಗ್ಲೆಂಡಿನ ಮಾರ್ಗಸೂಚಿ ಉಸಿರಿನ ಅಂಕಿಯ ಮೇಲೆ ನಡೆಯುತ್ತದೆ. 36ರಿಂದ 59 ಬಂದರೆ ತೆರಿಗೆ ಕಳೆದ ವಾರದ ಆದಾಯದ ಒಂದೂವರೆ ಪಟ್ಟು ದಂಡದಿಂದ ಲೆಕ್ಕ ಶುರು, ಜೊತೆಗೆ 12ರಿಂದ 16 ತಿಂಗಳು ನಿಷೇಧ. 60ರಿಂದ 89ಕ್ಕೆ ನಿಷೇಧ 17ರಿಂದ 22 ತಿಂಗಳು. 120 ಮುಟ್ಟಿದರೆ 29ರಿಂದ 36 ತಿಂಗಳು, ಜೈಲಿನ ಮಾತು ಬರುವುದು ಅಲ್ಲಿ. ವಾರಕ್ಕೆ 500 ಪೌಂಡ್ ಕೈಗೆ ಬರುವವರಿಗೆ ಕೆಳಗಿನ ಹಂತದಲ್ಲೇ 750 ಪೌಂಡ್. ಮೊದಲ ದಿನವೇ ತಪ್ಪೊಪ್ಪಿಕೊಂಡರೆ ಮೂರನೇ ಒಂದು ಭಾಗ ಇಳಿದು 500. ಅದರ ಮೇಲೆ ಸರ್‌ಚಾರ್ಜ್, ಕೋರ್ಟು ಖರ್ಚು ಬೇರೆ. ಕೋರ್ಟು ಅವಕಾಶ ಕೊಟ್ಟು, ನೀವು ನಿಮ್ಮ ಖರ್ಚಿನಲ್ಲಿ ಪುನರ್ವಸತಿ ಕೋರ್ಸ್ ಮುಗಿಸಿದರೆ ನಿಷೇಧ ಕಾಲು ಭಾಗದವರೆಗೆ ಕಡಿಮೆಯಾಗುತ್ತದೆ. ಇದನ್ನು ಬೇಡ ಎನ್ನಬೇಡಿ. ಹತ್ತು ವರ್ಷದೊಳಗೆ ಎರಡನೇ ಸಲವಾದರೆ ಕನಿಷ್ಠ ಮೂರು ವರ್ಷ ನಿಷೇಧ. ಉಸಿರಿನ ಅಂಕಿ 87.5 ಮುಟ್ಟಿದರೆ ಲೈಸೆನ್ಸ್ ಇಲಾಖೆಯಾದ ಡಿವಿಎಲ್‌ಎ ವೈದ್ಯಕೀಯ ತಪಾಸಣೆ ಮಾಡಿಸದೆ ಲೈಸೆನ್ಸ್ ಮರಳಿ ಕೊಡುವುದಿಲ್ಲ. ಕುಡಿದು, ಅಜಾಗರೂಕತೆಯಿಂದ ಓಡಿಸಿ ಯಾರದಾದರೂ ಜೀವ ಹೋದರೆ 2022ರ ಜೂನ್‌ನಿಂದ ಜೀವಾವಧಿವರೆಗೆ ಶಿಕ್ಷೆ ಕೊಡಬಹುದು.

ನಿಷೇಧವಾದ ಮೇಲೆ "ನನ್ನ ಕೆಎ-12 ಲೈಸೆನ್ಸ್ ಇದೆಯಲ್ಲ" ಎಂದು ಓಡಿಸಿದರೆ ಅದಕ್ಕೂ ಆರು ತಿಂಗಳವರೆಗೆ ಜೈಲು. ಶಿಕ್ಷೆಯ ಗುರುತು ಡಿಆರ್10 ಎಂಬ ಕೋಡ್‌ನಲ್ಲಿ ಚಾಲನಾ ದಾಖಲೆಯಲ್ಲಿ 11 ವರ್ಷ ಕೂರುತ್ತದೆ, ವಿಮೆಯವರು ಅದಕ್ಕೆ ತಕ್ಕಂತೆ ಕಂತು ಏರಿಸುತ್ತಾರೆ. ವೀಸಾ ವಿಸ್ತರಣೆಗೂ ಶಾಶ್ವತ ವಾಸಕ್ಕೂ ಹಾಕುವ ಅರ್ಜಿಯಲ್ಲಿ ಇದನ್ನು ಹೇಳಲೇಬೇಕು. ಮುಚ್ಚಿಟ್ಟದ್ದು ಶಿಕ್ಷೆಗಿಂತ ದೊಡ್ಡ ತೊಂದರೆ ತರುತ್ತದೆ, ಮೋಸ ಎಂದು ಅರ್ಜಿಯನ್ನೇ ತಳ್ಳಿಹಾಕಬಹುದು. ನಿಮ್ಮ ಮನೆಯವರಿಗೂ ಒಂದು ಮಾತು ಹೇಳಿಡಿ: ನರ್ಸ್ ಮೇಲೆ ಇಂಥ ಕೇಸು ದಾಖಲಾದರೆ ನೋಂದಣಿ ಮಂಡಳಿಗೆ ಅವರೇ ತಿಳಿಸಬೇಕು.

ಕಾರು ಓಡಿಸದಿದ್ದರೂ ಸಿಕ್ಕಿಬೀಳುವ ದಾರಿಗಳಿವೆ. ಪಬ್ಬಿನ ಪಾರ್ಕಿಂಗ್‌ನಲ್ಲಿ, ಕೀ ಜೇಬಿನಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಮಲಗಿದವರ ಮೇಲೂ ಗಾಡಿ ಅವರ ವಶದಲ್ಲಿತ್ತು ಎಂದು ಕೇಸು ಹಾಕಬಹುದು: ಲೈಸೆನ್ಸ್ ಮೇಲೆ ಹತ್ತು ದಂಡದ ಪಾಯಿಂಟ್ ಇಲ್ಲವೇ ನಿಷೇಧ, ಮೂರು ತಿಂಗಳವರೆಗೆ ಜೈಲು. ಓಡಿಸುವ ಸಂಭವ ಇರಲಿಲ್ಲ ಎಂದು ನೀವೇ ಸಾಬೀತು ಮಾಡಬೇಕು. ಇಲ್ಲಿ ಪರೀಕ್ಷೆ ಪಾಸಾದ ಮೊದಲ ಎರಡು ವರ್ಷದಲ್ಲಿ ಆರು ಪಾಯಿಂಟ್‌ಗೇ ಲೈಸೆನ್ಸ್ ರದ್ದಾಗುತ್ತದೆ, ಹತ್ತರ ಗತಿ ಊಹಿಸಿ. ವಿದ್ಯಾರ್ಥಿಗಳು ಬಾಡಿಗೆಗೆ ಹಿಡಿಯುವ ಎಲೆಕ್ಟ್ರಿಕ್ ಸ್ಕೂಟರ್ ಕೂಡ ಕಾನೂನಿನ ಕಣ್ಣಿನಲ್ಲಿ ಮೋಟಾರು ವಾಹನವೇ. ಕುಡಿದು ಅದನ್ನು ಓಡಿಸಿದರೂ ಕಾರಿನ ಲೈಸೆನ್ಸ್ ಹೋಗುತ್ತದೆ. ಗಾಂಜಾಕ್ಕೆ ರಸ್ತೆ ಬದಿಯಲ್ಲೇ ಎಂಜಲು ಪರೀಕ್ಷೆ ಇದೆ.

ನಮ್ಮ ಕೂಟಗಳಿಗೆ ಬರುವಾಗ ಓಡಿಸುವವರು ಯಾರೆಂದು ಮನೆ ಬಿಡುವ ಮೊದಲೇ ತೀರ್ಮಾನವಾಗಿರಲಿ, ಮೊದಲ ಲೋಟದ ನಂತರ ಅಲ್ಲ. ಇಬ್ಬರೂ ಕುಡಿಯುವವರಾದರೆ ಕಾರು ಮನೆಯಲ್ಲೇ ಇರಲಿ. "ಕಾರು ಇಲ್ಲೇ ಬಿಟ್ಟು ಹೋಗುತ್ತೇವೆ" ಎಂದು ಹೊರಡುವವರು ಬೆಳಿಗ್ಗೆ ಎಂಟಕ್ಕೇ ಅದನ್ನು ತರಲು ಹೋಗುತ್ತಾರೆ, ಮತ್ತೆ ಮೇಲಿನ ಬೆಳಗಿನ ಲೆಕ್ಕವೇ.

ಲೈಸೆನ್ಸ್ ವಿಷಯ. ಇಲ್ಲಿ ವಾಸ ಶುರುವಾದ ದಿನದಿಂದ 12 ತಿಂಗಳು ಮಾತ್ರ ಊರಿನ ಲೈಸೆನ್ಸ್‌ನಲ್ಲಿ ಓಡಿಸಬಹುದು. ಅದರ ಅವಧಿ ಮುಗಿಯುವಂತಿದ್ದರೆ ಮಡಿಕೇರಿಯ ಆರ್‌ಟಿಒದಲ್ಲಿ ನವೀಕರಿಸಿಕೊಂಡೇ ಹೊರಡಿ. ಭಾರತದ ಲೈಸೆನ್ಸನ್ನು ನೇರವಾಗಿ ಬದಲಿಸಿ ಕೊಡುವುದಿಲ್ಲ: ಪ್ರೊವಿಷನಲ್, ಅಂದರೆ ಕಲಿಯುವವರ ಲೈಸೆನ್ಸ್ ತೆಗೆದುಕೊಂಡು, ಥಿಯರಿ ಪರೀಕ್ಷೆಯ 50 ಪ್ರಶ್ನೆಗಳಲ್ಲಿ 43 ಸರಿ ಮಾಡಿ, ವಿಡಿಯೊ ನೋಡಿ ಅಪಾಯ ಗುರುತಿಸುವ ಭಾಗದಲ್ಲಿ 75ಕ್ಕೆ 44 ತೆಗೆದು, ಆಮೇಲೆ ರಸ್ತೆ ಪರೀಕ್ಷೆ. ಅದರ ದಿನಾಂಕ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಬಂದ ಮೊದಲ ತಿಂಗಳಲ್ಲೇ ಪ್ರೊವಿಷನಲ್‌ಗೆ ಅರ್ಜಿ ಹಾಕಿ. ವರ್ಷ ದಾಟಿಯೂ ಪಾಸಾಗದಿದ್ದರೆ ಎಲ್ ಬೋರ್ಡ್ ಹಾಕಿ, 21 ದಾಟಿದ, ಮೂರು ವರ್ಷದಿಂದ ಪೂರ್ಣ ಲೈಸೆನ್ಸ್ ಇರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓಡಿಸಬೇಕು. ಪಕ್ಕದಲ್ಲಿ ಕೂತವರಿಗೂ ಕುಡಿತದ ಅದೇ ಮಿತಿ ಅನ್ವಯಿಸುತ್ತದೆ, ಆದ್ದರಿಂದ ಕೂಟ ಮುಗಿಸಿ ಹೊರಟ ಭಾವನನ್ನು ಆ ಸೀಟಿಗೆ ಕರೆಯಬೇಡಿ.