ಗಿಡ ಆಮೇಲೆ ನೆಡೋಣ, ಮೊದಲು ಜಾಗದ ನಕ್ಷೆ ತನ್ನಿ

ಪ್ರಶ್ನೆ: ಕುಶಾಲನಗರದ ನಮ್ಮ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಸುಮಾರು 10 ಗುಂಟೆ ಜಾಗ ಇದೆ. ಈಗ ಅಲ್ಲಿ ಲಂಟಾನ ಬೆಳೆದಿದೆ, ಜನ ಕಸ ಸುರಿಯುತ್ತಾರೆ. ಒಂದು ಮೂಲೆಗೆ ಯಾರೋ ಬೇಲಿಯನ್ನೂ ಹಾಕಿಕೊಂಡಿದ್ದಾರೆ. ಬರುವ ಜೂನ್‌ನಲ್ಲಿ 40 ಮನೆಯವರು ಸೇರಿ 200 ಗಿಡ ನೆಡಬೇಕು ಅಂತಿದ್ದೇವೆ. ಯಾವ ಗಿಡ ಒಳ್ಳೆಯದು?

ಉತ್ತರ: 40 ಮನೆಯವರು ಒಂದು ಮಾತಿಗೆ ಬಂದಿದ್ದೀರಲ್ಲ, ಕೇಳಿಯೇ ಖುಷಿಯಾಯಿತು. ಆದರೆ ಗಿಡದ ವಿಷಯಕ್ಕೆ ಆಮೇಲೆ ಬರುತ್ತೇನೆ. ನನಗೆ ಚಿಂತೆ ಆ ಮೂಲೆಯ ಬೇಲಿಯದ್ದು.

ಬಡಾವಣೆಗೆ ಒಪ್ಪಿಗೆ ಸಿಕ್ಕಾಗ ಒಂದು ನಕ್ಷೆ ಆಗಿರುತ್ತದೆ. ಪಾರ್ಕಿನ ಜಾಗ ಎಲ್ಲಿಂದ ಎಲ್ಲಿಯವರೆಗೆ ಅಂತ ಅದರಲ್ಲಿ ಇರುತ್ತದೆ. ಆ ಜಾಗವನ್ನು ಬಡಾವಣೆ ಮಾಡಿದವರು ಪುರಸಭೆಗೆ ಬರೆದು ಕೊಟ್ಟಿದ್ದಾರಾ? ಎಷ್ಟೋ ಕಡೆ ಇದೇ ಆಗಿರುವುದಿಲ್ಲ. ನಕ್ಷೆಯಲ್ಲಿ ಹಸಿರು ಬಣ್ಣ ಇರುತ್ತದೆ, ಕಾಗದದಲ್ಲಿ ಮಾತ್ರ ಹಳೆಯ ಮಾಲೀಕರ ಹೆಸರೇ ಇರುತ್ತದೆ. ಹತ್ತು ವರ್ಷ ಬಿಟ್ಟು ಅದೇ ಜಾಗ ಸೈಟ್ ಆಗಿ ಮಾರಾಟಕ್ಕೆ ಬಂದರೆ ನೀವು ನೆಟ್ಟ ಮರ ಸಾಕ್ಷಿ ಹೇಳುವುದಿಲ್ಲ. ಆದ್ದರಿಂದ ಮೊದಲು ನಕ್ಷೆ ಮತ್ತು ಹಸ್ತಾಂತರದ ಪತ್ರದ ಪ್ರತಿ ಕೇಳಿ. ಸುಮ್ನೆ ಕೇಳಿದರೆ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು.

ಪ್ರತಿ ಸಿಕ್ಕ ಮೇಲೆ ಸರ್ವೆ ಮಾಡಿಸಿ ನಾಲ್ಕು ಮೂಲೆಗೂ ಕಲ್ಲು ನೆಡಿಸಿ. ಉದ್ಯಾನ, ಆಟದ ಮೈದಾನ, ಬಯಲು ಜಾಗ ಉಳಿಸಲೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಬೇಲಿ ಹಾಕಿದವರ ಹತ್ತಿರ ನೀವೇ ಜಗಳಕ್ಕೆ ಹೋಗಬೇಡಿ. ನಕ್ಷೆ, ಸರ್ವೆ, ಫೋಟೋ ಇಟ್ಟು 40 ಮನೆಯವರೂ ಸಹಿ ಹಾಕಿ ಪುರಸಭೆಗೆ ಅರ್ಜಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅದರಲ್ಲೇ ಇನ್ನೊಂದು ಮಾತು ಸೇರಿಸಿ: ಜಾಗ ಪುರಸಭೆಯದ್ದೇ, ನೋಡಿಕೊಳ್ಳಲು ಮಾತ್ರ ನಮಗೆ ಲಿಖಿತ ಒಪ್ಪಿಗೆ ಕೊಡಿ. ಈ ಒಪ್ಪಿಗೆ ಇಲ್ಲದೆ ಗುದ್ದಲಿ ಹಿಡಿಯಬೇಡಿ.

ಇನ್ನು ಗಿಡ. 200 ಜಾಸ್ತಿ ಆಯಿತು. 10 ಗುಂಟೆ ಅಂದರೆ 10,890 ಚದರ ಅಡಿ. ನೇರಳೆಯಂಥ ದೊಡ್ಡ ಮರಕ್ಕೆ 30 ಅಡಿ ಅಗಲ, 30 ಅಡಿ ಉದ್ದ ಬೇಕು. ಲೆಕ್ಕ ಹಾಕಿದರೆ ಇಡೀ ಜಾಗಕ್ಕೆ 12 ಮರ, ಅಷ್ಟೇ. ಅವುಗಳ ನಡುವೆ ಕರಿಬೇವು, ದಾಸವಾಳ, ನಂದಿಬಟ್ಟಲು ಹಾಕಬಹುದು. ಮಕ್ಕಳು ಓಡಾಡಲು ಒಂದಿಷ್ಟು ಬಯಲು ಬಿಡಿ. ಹೊಂಗೆ, ನೇರಳೆ, ಸಂಪಿಗೆ, ಅತ್ತಿ ನಿಮ್ಮ ಕಡೆ ಚೆನ್ನಾಗಿ ಬರುತ್ತವೆ. ಜಾಗ ಕಾವೇರಿಯ ದಡಕ್ಕೆ ಹತ್ತಿರ ಇದ್ದರೆ ಹೊಳೆಮತ್ತಿ ಹಾಕಿ, ನೆರೆ ನೀರು ನಿಂತರೂ ಅದು ತಡೆಯುತ್ತದೆ. ಬೇಗ ಬೆಳೆಯುತ್ತದೆ ಅಂತ ಸಿಲ್ವರ್ ಓಕ್ ಹಾಕಬೇಡಿ. ಅದು ಆಸ್ಟ್ರೇಲಿಯಾದಿಂದ ಬಂದು ತೋಟದಲ್ಲಿ ನೆರಳಿಗೂ ಕಾಳುಮೆಣಸಿನ ಬಳ್ಳಿಗೂ ನಿಂತ ಮರ. ಅತ್ತಿ, ನೇರಳೆ ಕೊಡುವ ಹಣ್ಣು ಹಕ್ಕಿಗಳಿಗೆ ಅದರಿಂದ ಸಿಗುವುದಿಲ್ಲ.

ಹಲಸಿನ ಬಗ್ಗೆ ಒಂದು ಎಚ್ಚರಿಕೆ. ನನಗೆ ತುಂಬ ಇಷ್ಟದ ಮರ ಅದು. ಆದರೆ ನಿಮ್ಮ ಬಡಾವಣೆ ಆನೆಕಾಡು ಅರಣ್ಯದ ಕಡೆಗಿದ್ದರೆ ಹಲಸು, ಬೈನೆ (ತಾಳೆ ಜಾತಿಯ ಮರ) ಎರಡೂ ಬೇಡ. ಇವನ್ನು ತಿನ್ನಲು ಆನೆ ಬರುತ್ತದೆ ಅಂತ ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಕುಶಾಲನಗರದಲ್ಲಿ ಮಡಿಕೇರಿಯಷ್ಟು ಮಳೆ ಇಲ್ಲ. ಜನವರಿಯಿಂದ ಮೇವರೆಗೆ ನೀರು ಹಾಕುವವರು ಯಾರು ಅಂತ ಈಗಲೇ ಬರೆದಿಡಿ. ಕನಿಷ್ಠ ಎರಡು ಬೇಸಿಗೆ ದಾಟಿಸಬೇಕು. ಒಂದು ಗಿಡಕ್ಕೆ ಮೂರು ಮನೆ ಅಂತ ಹಂಚಿದರೂ 12 ಗಿಡಕ್ಕೆ 36 ಮನೆ ಸಾಕು.

ಪ್ರಶ್ನೆ: ಮಡಿಕೇರಿಯ ನಮ್ಮ ರಸ್ತೆಯಲ್ಲಿ ಒಂದು ಹಳೆಯ ಮರ ಇದೆ. ಮಳೆಗಾಲದಲ್ಲಿ ಮನೆ ಮೇಲೆ ಬೀಳುತ್ತದೆ, ಕಡಿಸಿ ಅಂತ ಅಕ್ಕಪಕ್ಕದವರು ಹಟ ಹಿಡಿದಿದ್ದಾರೆ. ಉಳಿಸುವ ದಾರಿ ಇದೆಯೇ?

ಉತ್ತರ: ಅವರ ಭಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರು ಅದು. 2018ರ ಆಗಸ್ಟ್ ತಿಂಗಳ ಭೂಕುಸಿತ ಕಂಡವರಿಗೆ ರಾತ್ರಿ ಗಾಳಿ ಎದ್ದರೆ ನಿದ್ದೆ ಬರುವುದಿಲ್ಲ.

ಎಲ್ಲರೂ ಸೇರಿ ಮರದ ಬುಡಕ್ಕೆ ಹೋಗಿ ನೋಡಿ. ಬುಡದಲ್ಲಿ ಅಣಬೆ ಎದ್ದಿದೆಯಾ? ಕಾಂಡ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆಯಾ? ಮರ ಹೊಸದಾಗಿ ವಾಲಿ, ವಾಲಿದ ಕಡೆಯ ಹಿಂದಿನ ಮಣ್ಣು ಬಿರಿದು ಮೇಲೆದ್ದಿದೆಯಾ? ಹಾಗಿದ್ದರೆ ಅಪಾಯ ನಿಜ. ಮೊದಲಿಂದಲೂ ಓರೆಯಾಗಿ ಬೆಳೆದ ಮರ ಬೇರೆ, ಈ ವರ್ಷ ವಾಲಿದ ಮರ ಬೇರೆ. ಬುಡದ ಸುತ್ತ ಕಾಂಕ್ರೀಟ್ ಹಾಕಿದ್ದಾರಾ, ಚರಂಡಿಗೆ ಅಗೆಯುವಾಗ ಬೇರು ಕತ್ತರಿಸಿದ್ದಾರಾ ಅಂತಲೂ ನೋಡಿ. ಎಷ್ಟೋ ಮರ ಬೀಳುವುದು ಮುಪ್ಪಿನಿಂದಲ್ಲ, ಇದರಿಂದ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಇಂಥ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಸ್ಥಳಕ್ಕೆ ಬಂದು ನೋಡಲು ಅರ್ಜಿ ಕೊಡಿ. ಒಣಗಿದ ಕೊಂಬೆ ತೆಗೆದು, ಮನೆ ಕಡೆಯ ಭಾರ ಕಡಿಮೆ ಮಾಡಿದರೆ ಸಾಕಾಗುವ ಮರಗಳೇ ಹೆಚ್ಚು. ಅದನ್ನು ಫೆಬ್ರವರಿ, ಮಾರ್ಚ್‌ನಲ್ಲಿ ಮಾಡಿಸಿ. ಜುಲೈನಲ್ಲಿ ಗಾಬರಿಯಿಂದ ಒಂದೇ ಕಡೆ ಕಡಿದರೆ ಮರದ ತೂಕ ತಪ್ಪುತ್ತದೆ. ಮರ ಇಳಿಜಾರಿನಲ್ಲಿದ್ದರೆ ಇನ್ನೂ ಯೋಚಿಸಿ. ಅದರ ಬೇರು ಮೇಲಿನ ಮಣ್ಣನ್ನು ಹಿಡಿದಿರುತ್ತದೆ. ಅದಕ್ಕಿಂತ ಮುಖ್ಯ, ಮರದ ಕೆಳಗೆ ಗುಡ್ಡವನ್ನು ಗೋಡೆಯ ಹಾಗೆ ನೇರವಾಗಿ ಕಡಿಯಲು ಯಾರಿಗೂ ಬಿಡಬೇಡಿ.

ಪ್ರಶ್ನೆ: ವಿರಾಜಪೇಟೆಯಲ್ಲಿ ನಾವು ಒಂದು ಜಾಗ ಸ್ವಚ್ಛ ಮಾಡಿ ಗಿಡ ನೆಟ್ಟೆವು. ಮೊದಲ ದಿನ 60 ಜನ, ಈಗ ಬರುವುದು ಮೂವರು. ಏನು ಮಾಡೋಣ?

ಉತ್ತರ: ಬೇಜಾರಾಗಬೇಡಿ. ನಮ್ಮ ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಒತ್ತುವರಿಯಿಂದ ಬಹಳಷ್ಟು ಕುಗ್ಗಿವೆ, ಆದರೂ ಇವೆ. ಪುತ್ತರಿ (ಸುಗ್ಗಿ ಹಬ್ಬ) ಕೋಲಾಟಕ್ಕೆ ಊರು ಸೇರುವ ಮಂದ್ ಕೂಡ ಹಾಗೆಯೇ ಉಳಿದ ಬಯಲು. ಅಲ್ಲಿ ಜನ ಸೇರುವುದು ಜಾಗ ಉಳಿಸಲು ಅಂತಲ್ಲ. ಹಬ್ಬಕ್ಕೆ ಸೇರುತ್ತಾರೆ. ಊರಿನ ಮುಖ್ಯಸ್ಥರಾದ ತಕ್ಕರು ಇರುತ್ತಾರೆ, ಯಾವ ಒಕ್ಕಕ್ಕೆ (ಮನೆತನಕ್ಕೆ) ಯಾವ ಕೆಲಸ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಪಟ್ಟಣದ ಜಾಗಕ್ಕೆ ಇದನ್ನೇ ಬೇರೆ ರೀತಿಯಲ್ಲಿ ತರಬೇಕು.

ಜನರನ್ನು ಶ್ರಮದಾನಕ್ಕೆ ಮಾತ್ರ ಕರೆಯಬೇಡಿ. ಕೈಲ್‌ಪೊಳ್ದ್ (ಆಯುಧ ಪೂಜೆಯ ಹಬ್ಬ) ಆದ ಮೇಲಿನ ಭಾನುವಾರ ಮಕ್ಕಳ ಆಟ, ಕಾವೇರಿ ಸಂಕ್ರಮಣದ ವಾರ ಕಳೆ ಕೀಳುವುದು, ಪುತ್ತರಿಗೆ ಮುಂಚೆ ಎಲ್ಲರೂ ಸೇರಿ ಊಟ. ವರ್ಷಕ್ಕೆ ಮೂರೋ ನಾಲ್ಕೋ ದಿನ ಸಾಕು, ಆದರೆ ದಿನ ಬದಲಾಗಬಾರದು. ಕೆಲಸವನ್ನು ವ್ಯಕ್ತಿಗೆ ಕೊಡಬೇಡಿ, ಮನೆಗೆ ಕೊಡಿ. ಆಟೋ ಸ್ಟ್ಯಾಂಡಿನವರು, ಸಂತೆಗೆ ತರಕಾರಿ ತರುವವರು, ತೋಟದ ಕೆಲಸಕ್ಕೆ ಬಂದು ಬಾಡಿಗೆ ಮನೆಯಲ್ಲಿರುವವರನ್ನು ಕರೆದಿದ್ದೀರಾ? ಆ ನೆರಳಲ್ಲಿ ದಿನಾ ಕೂರುವವರು ಅವರೇ. ಬೇರೆ ಯಾರಿಗಿಂತ ಮೊದಲು ಅವರ ಕಣ್ಣಿಗೇ ಮುರಿದ ಗಿಡ ಬೀಳುತ್ತದೆ.

ಇನ್ನೊಂದು ಕೆಲಸ ಮಾಡಿ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮಲ್ಲಿ ಅದು ಸಭೆ ಸೇರುತ್ತದಾ ಅಂತ ವಿಚಾರಿಸಿ. ಸೇರುತ್ತಿದ್ದರೆ ಉಳಿದ ನೀವು ಮೂವರು ನಿಮ್ಮ ಜಾಗದ ಮರ, ಹಕ್ಕಿ, ಚಿಟ್ಟೆಗಳ ಪಟ್ಟಿ ಹಿಡಿದು ಹೋಗಿ, ಆ ಸಮಿತಿ ಇಡುವ ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಿಸಲು ಕೇಳಿ. ಪಟ್ಟಿ ಮಾಡಲು ಹತ್ತಿರದ ಶಾಲೆಯ ಮಕ್ಕಳನ್ನು ಕರೆದುಕೊಳ್ಳಿ. ಮಕ್ಕಳು ಬಂದರೆ ಆ 60ರಲ್ಲಿ ಕೆಲವರು ಅವರ ಹಿಂದೆಯೇ ಬರುತ್ತಾರೆ.